ಅಡಿಕೆ ಮಂಡಿಯ ಹಳೆ ಸಾಫ್ಟ್‌ವೇರ್ ವಿಂಡೋಸ್ 11ರಲ್ಲಿ ಓಡುತ್ತದಾ?

ಪ್ರಶ್ನೆ: ನಮ್ಮದು ಸಾಗರದಲ್ಲಿ ಅಡಿಕೆ ಮಂಡಿ. ಐದು ಕಂಪ್ಯೂಟರ್ ಇವೆ, ಎಲ್ಲವೂ ವಿಂಡೋಸ್ 10. ತೂಕ, ಟೆಂಡರ್, ಪಟ್ಟಿ (ಮಾರಾಟದ ಲೆಕ್ಕದ ಚೀಟಿ), ರೈತರ ಮುಂಗಡ, ಬಡ್ಡಿ ಎಲ್ಲದಕ್ಕೂ 2007ರಲ್ಲಿ ನಮ್ಮೂರಿನ ಹುಡುಗನೊಬ್ಬ ವಿಷುಯಲ್ ಬೇಸಿಕ್ 6 (ವಿಬಿ6) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟ ಸಾಫ್ಟ್‌ವೇರ್ ಬಳಸುತ್ತೇವೆ. ಡೇಟಾ ಆಕ್ಸೆಸ್ ಫೈಲಿನಲ್ಲಿದೆ, ಹೆಸರುಗಳು ನುಡಿ ಫಾಂಟಿನಲ್ಲಿವೆ. ಆ ಹುಡುಗ ಈಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಕಂಪ್ಯೂಟರ್ ಕೊಟ್ಟ ಅಂಗಡಿಯವರು ‘ವಿಂಡೋಸ್ 10 ಮುಗೀತು, ಎಲ್ಲ 11 ಮಾಡಿಬಿಡೋಣ, ಒಂದು ಭಾನುವಾರದ ಕೆಲಸ’ ಎನ್ನುತ್ತಿದ್ದಾರೆ. ತೂಕದ ಕೌಂಟರಿನ ಕಂಪ್ಯೂಟರ್ ಮಾತ್ರ 32 ಬಿಟ್ ಎಂದು ತೋರಿಸುತ್ತದೆ. ಸಾಫ್ಟ್‌ವೇರ್ ನಿಂತು ಹೋದರೆ ಮಂಡಿಯೇ ನಿಂತ ಹಾಗೆ. ಏನು ಮಾಡಲಿ?

ಉತ್ತರ: ಆ ಭಾನುವಾರ ಬೇಡ. ಮೊದಲು ಅಂಗಡಿಯವರಿಗೆ ಅದನ್ನು ಹೇಳಿಬಿಡಿ, ಆಮೇಲೆ ಇದನ್ನು ಓದಿ.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ದುಡ್ಡು ಕೊಟ್ಟರೆ ಕಚೇರಿಗಳಿಗೆ 2028ರ ಅಕ್ಟೋಬರ್‌ವರೆಗೂ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಮೊದಲ ವರ್ಷಕ್ಕೆ ಒಂದು ಕಂಪ್ಯೂಟರಿಗೆ 61 ಡಾಲರ್, ಆಮೇಲೆ ವರ್ಷ ವರ್ಷ ದುಪ್ಪಟ್ಟು. ಹಾಗಾಗಿ ಇವತ್ತಲ್ಲ ನಾಳೆ ಹೋಗಲೇಬೇಕು, ಆದರೆ ಯಾರೂ ಕುತ್ತಿಗೆ ಮೇಲೆ ಕತ್ತಿ ಹಿಡಿದು ನಿಂತಿಲ್ಲ. ಎರಡು ಮೂರು ತಿಂಗಳು ತೆಗೆದುಕೊಂಡು ಸರಿಯಾಗಿ ಮಾಡಿ.

ಇನ್ನೊಂದು ಸಮಾಧಾನದ ಮಾತು. ವಿಷುಯಲ್ ಬೇಸಿಕ್ 6 ಬಂದಿದ್ದು 1998ರಲ್ಲಿ. ಪ್ರೋಗ್ರಾಂ ಬರೆಯುವ ಆ ಉಪಕರಣಕ್ಕೆ ಮೈಕ್ರೋಸಾಫ್ಟ್ 2008ರಲ್ಲೇ ಕೈ ಎತ್ತಿದೆ. ಆದರೆ ಅದರಲ್ಲಿ ಬರೆದ ಪ್ರೋಗ್ರಾಂ ಓಡಲು ಬೇಕಾದ ಮೂಲ ಫೈಲುಗಳನ್ನು ವಿಂಡೋಸ್ 11ರಲ್ಲೂ ಇಟ್ಟುಕೊಂಡಿದೆ, ಬೆಂಬಲವೂ ಕೊಡುತ್ತದೆ. ಸಾಫ್ಟ್‌ವೇರ್ ತೆರೆಯುವ ಇಎಕ್ಸ್‌ಇ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಮಾನ್ಯವಾಗಿ ಲಾಗಿನ್ ಪರದೆ ಬರುತ್ತದೆ. ಅದನ್ನು ನೋಡಿ ‘ಓಡ್ತಾ ಇದೆ ಸಾರ್’ ಎಂದು ಹೇಳಿ ಬಿಲ್ ಹರಿದು ಹೋಗುವವರೇ ಜಾಸ್ತಿ. ತೊಂದರೆ ಇರುವುದು ಇಎಕ್ಸ್‌ಇಯಲ್ಲಿ ಅಲ್ಲ. ಅದರ ಸುತ್ತ ಹದಿನೆಂಟು ವರ್ಷದಿಂದ ಒಬ್ಬೊಬ್ಬರು ಒಂದೊಂದು ಸೇರಿಸಿ ಕಟ್ಟಿದ ಗೂಡು ಇದೆಯಲ್ಲ, ಪ್ರಿಂಟರು, ಫಾಂಟು, ತೂಕದ ಕೇಬಲ್ಲು, ಶೇರ್ ಮಾಡಿದ ಫೋಲ್ಡರು, ಯಾರೋ ಒಮ್ಮೆ ಬದಲಿಸಿದ ಸೆಟ್ಟಿಂಗು, ಅದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಅಪ್‌ಗ್ರೇಡ್ ಹಾಳುಮಾಡುವುದು ಅದನ್ನೇ.

ಅದಕ್ಕೇ ಮೊದಲ ಕೆಲಸ ಕಂಪ್ಯೂಟರಿನದಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು ಒಂದು ಪೂರ್ತಿ ದಿನ ಕೌಂಟರಿನ ಪಕ್ಕ ಕುರ್ಚಿ ಹಾಕಿ ಕುಳಿತುಕೊಳ್ಳಿ. ಬೆಳಿಗ್ಗೆ ಸ್ವಿಚ್ ಒತ್ತಿದಾಗಿನಿಂದ ಸಂಜೆ ಬೀಗ ಹಾಕುವವರೆಗೆ ಗುಮಾಸ್ತರು ಏನೇನು ಒತ್ತುತ್ತಾರೆ, ಯಾವ ಪರದೆ ಬರುತ್ತದೆ, ಯಾವ ಕಾಗದ ಎಲ್ಲಿ ಹೊರಗೆ ಬರುತ್ತದೆ, ಬರೆದುಕೊಳ್ಳಿ. ‘ಇದು ಬಂದರೆ ಎಂಟರ್ ಒತ್ತಿಬಿಡಿ, ಏನೂ ಆಗಲ್ಲ’ ಎಂದು ಅವರು ಹೇಳುವ ಎರರ್ ಮೆಸೇಜ್‌ಗಳನ್ನೂ ಬರೆದುಕೊಳ್ಳಿ. ಇಲ್ಲದಿದ್ದರೆ ಅಪ್‌ಗ್ರೇಡ್ ಆದ ಮೇಲೆ ಅದೇ ಮೆಸೇಜ್ ಬಂದಾಗ ಹೊಸ ತೊಂದರೆ ಅಂದುಕೊಂಡು ಎರಡು ದಿನ ತಲೆ ಕೆಡಿಸಿಕೊಳ್ಳುತ್ತೀರಿ. ನಾನು ಕೆಡಿಸಿಕೊಂಡಿದ್ದೇನೆ. ಆಮೇಲೆ ತಿಂಗಳಿಗೊಮ್ಮೆ ಒತ್ತುವ ಬಟನ್, ವರ್ಷಕ್ಕೊಮ್ಮೆ ಮಾರ್ಚ್ 31ಕ್ಕೆ ಒತ್ತುವ ಬಟನ್ ಯಾವುದು ಎಂದು ಕೇಳಿ. ವರ್ಷದ ಬಟನ್ನನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ಹಾಗಾಗಿ ಅದು ಕೈ ಕೊಡುವುದು ಆಡಿಟರು ಬಂದು ಕುಳಿತ ದಿನವೇ.

ಎರಡನೆಯದು, ಬೆಂಗಳೂರಿನ ಹುಡುಗನಿಗೆ ಫೋನ್ ಮಾಡಿ. ಬೈಯಲು ಅಲ್ಲ. ಸೋರ್ಸ್ ಕೋಡ್ ಇದೆಯಾ ಎಂದು ಕೇಳಲು. ಸಿಕ್ಕಿದರೆ ಅದರಲ್ಲಿ ವಿಬಿಪಿ ಎಂದು ಕೊನೆಯಾಗುವ ಒಂದು ಫೈಲ್ ಇರುತ್ತದೆ, ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ‘ಆಬ್ಜೆಕ್ಟ್’, ‘ರೆಫರೆನ್ಸ್’ ಎಂದು ಶುರುವಾಗುವ ಸಾಲುಗಳಿರುತ್ತವೆ. ಆ ಸಾಫ್ಟ್‌ವೇರಿಗೆ ಹೊರಗಿನಿಂದ ಏನೇನು ಬೇಕು ಎಂಬ ದಿನಸಿ ಚೀಟಿ ಅದು. ಪ್ರೋಗ್ರಾಮರ್ ಅಲ್ಲದವರೂ ಓದಬಹುದು. ಸೋರ್ಸ್ ಇಲ್ಲ ಎಂದರೆ ಮೈಕ್ರೋಸಾಫ್ಟ್‌ನವರದೇ ಪ್ರೊಸೆಸ್ ಮಾನಿಟರ್ ಎಂಬ ಉಚಿತ ಉಪಕರಣ ಇದೆ. ಅದನ್ನು ಹಾಕಿಕೊಂಡು ಸಾಫ್ಟ್‌ವೇರ್ ಓಡಿಸಿದರೆ ಅದು ಯಾವ ಯಾವ ಫೈಲನ್ನು ಮುಟ್ಟುತ್ತದೆ ಎಂದು ಸಾಲು ಸಾಲಾಗಿ ತೋರಿಸುತ್ತದೆ. ಅದನ್ನು ಓದಲು ಮಾತ್ರ ಗೊತ್ತಿರುವವರು ಬೇಕು, ಸಾಲುಗಳು ಸಾವಿರಗಟ್ಟಲೆ ಬರುತ್ತವೆ.

ಅವನನ್ನು ಇನ್ನೊಂದು ಕೇಳಿ: ಸಾಫ್ಟ್‌ವೇರಿಗೆ ‘ಲಾಕ್’ ಹಾಕಿದ್ದೀಯಾ? ಆ ಕಾಲದಲ್ಲಿ ನಕಲು ಮಾಡಬಾರದೆಂದು ಹಾರ್ಡ್ ಡಿಸ್ಕಿನ ಅಥವಾ ಮದರ್‌ಬೋರ್ಡಿನ ಸೀರಿಯಲ್ ನಂಬರ್ ನೋಡಿ ಓಡುವಂತೆ ಎಲ್ಲರೂ ಬರೆಯುತ್ತಿದ್ದರು. ಡಿಸ್ಕ್ ಬದಲಾದರೆ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ಆ ನಂಬರ್ ಓದಲು ಕೆಲವರು ಡಬ್ಲ್ಯುಎಂಐಸಿ ಎಂಬ ಕಮಾಂಡ್ ಬಳಸಿದ್ದಾರೆ. ಅದು ವಿಂಡೋಸ್ 11ರ 24ಎಚ್2 ಎಂಬ ಆವೃತ್ತಿಯಲ್ಲಿ ಬರುವಾಗಲೇ ಆಫ್ ಆಗಿದೆ, 25ಎಚ್2ಗೆ ಹೋದರೆ ತೆಗೆದೇ ಹಾಕುತ್ತಾರೆ. ವಿಂಡೋಸ್ ಜೊತೆ ಬರುವ ವಿಬಿಸ್ಕ್ರಿಪ್ಟ್ ಎಂಬ ಇನ್ನೊಂದು ಸಣ್ಣ ಭಾಷೆಯ ಕಥೆಯೂ ಹಾಗೇ. ಈಗ ಇದೆ, 2027ರ ಸುಮಾರಿಗೆ ತಾನಾಗೇ ಆಫ್ ಆಗಿ ಬರುತ್ತದೆ ಎಂದು ಹೇಳಿದ್ದಾರೆ, ಆಮೇಲೆ ಪೂರ್ತಿ ಹೋಗುತ್ತದೆ. ವಿಷುಯಲ್ ಬೇಸಿಕ್ ಬೇರೆ, ವಿಬಿಸ್ಕ್ರಿಪ್ಟ್ ಬೇರೆ, ಗಾಬರಿಯಾಗಬೇಡಿ. ಆದರೆ ಅಕ್ಷರಗಳನ್ನು ಹುಡುಕಲು, ಸರಿ ಇದೆಯಾ ನೋಡಲು ವಿಬಿ6ರವರು ಅದರ ಒಂದು ತುಂಡನ್ನು ಎರವಲು ಪಡೆದಿರುವುದುಂಟು. ಅವನಿಗೆ ಗೊತ್ತಿರುತ್ತದೆ.

ಈಗ ನಿಜವಾದ ವಿಷಯಕ್ಕೆ ಬರೋಣ. ಮಂಡಿಯಲ್ಲಿ ಓಡುತ್ತಿರುವ ಯಾವ ಕಂಪ್ಯೂಟರನ್ನೂ ಅಪ್‌ಗ್ರೇಡ್ ಮಾಡಬೇಡಿ. ಅದರ ನಕಲನ್ನು ಅಪ್‌ಗ್ರೇಡ್ ಮಾಡಿ. ಹೇಗೆ ಅಂದರೆ, ಒಂದು ಹೊಸ ಎಸ್‌ಎಸ್‌ಡಿ ತನ್ನಿ. ಪಟ್ಟಿ ಹಾಕುವ ಕಂಪ್ಯೂಟರಿನ ಡಿಸ್ಕನ್ನು ಅದಕ್ಕೆ ಕ್ಲೋನ್ ಮಾಡಿಸಿ. ಹಳೆ ಡಿಸ್ಕ್ ಬಿಚ್ಚಿ, ಮೇಲೆ ಸ್ಟಿಕ್ಕರ್ ಅಂಟಿಸಿ ಯಾವ ಕಂಪ್ಯೂಟರಿನದು, ಯಾವ ತಾರೀಕು ಎಂದು ಬರೆದು ಬೀರುವಿನಲ್ಲಿಡಿ. ಹೊಸ ಡಿಸ್ಕ್ ಹಾಕಿ ಅದರ ಮೇಲೆ ವಿಂಡೋಸ್ 11 ಏರಿಸಿ. ಕೆಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿ ಹಳೆ ಡಿಸ್ಕ್ ವಾಪಸ್ ಹಾಕುವುದು, ಹತ್ತು ನಿಮಿಷದ ಕೆಲಸ. ನಡುವೆ ಹೊಸದರಲ್ಲಿ ಮಾಡಿದ ವ್ಯಾಪಾರ ಹಳೆ ಡಿಸ್ಕಿನಲ್ಲಿ ಇರುವುದಿಲ್ಲ ಎಂಬುದಷ್ಟೇ ನೆನಪಿರಲಿ. ಡೇಟಾ ಸರ್ವರ್ ಕಂಪ್ಯೂಟರಿನಲ್ಲಿ ಇದ್ದರೆ ಆ ತೊಂದರೆಯೂ ಇಲ್ಲ.

‘ವಿಂಡೋಸ್‌ನಲ್ಲೇ ವಾಪಸ್ ಹೋಗುವ ಬಟನ್ ಇದೆಯಲ್ಲ’ ಎಂದು ಅಂಗಡಿಯವರು ಹೇಳಬಹುದು. ಇದೆ, ಹತ್ತೇ ದಿನ. ಆ ಹತ್ತು ದಿನದೊಳಗೆ ಒಂದು ಕಮಾಂಡ್ ಕೊಟ್ಟರೆ 60 ದಿನದವರೆಗೆ ಹೆಚ್ಚಿಸಬಹುದು, ಅದನ್ನು ಮೊದಲ ದಿನವೇ ಮಾಡಿಸಿ. ಆದರೆ ನನಗೆ ಬೀರುವಿನಲ್ಲಿರುವ ಡಿಸ್ಕಿನ ಮೇಲೆ ಇರುವ ನಂಬಿಕೆ ಆ ಬಟನ್ ಮೇಲೆ ಇಲ್ಲ.

ಕ್ಲೋನ್ ಮಾಡುವಾಗ ಒಂದು ವಿಷಯ. ಡೇಟಾ ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. ಸುಮ್ನೆ ಹೇಳುತ್ತಿಲ್ಲ. 2007ರ ಸಾಫ್ಟ್‌ವೇರ್‌ಗಳು ಡೇಟಾವನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನ ಒಳಗೇ ಇಡುತ್ತಿದ್ದವು. ವಿಸ್ಟಾ ಬಂದ ಮೇಲೆ ಮಾಮೂಲಿ ಯೂಸರ್ ಅಲ್ಲಿ ಬರೆಯುವ ಹಾಗಿಲ್ಲ. ಹಳೆ ಪ್ರೋಗ್ರಾಂಗಳು ನಿಂತು ಹೋಗಬಾರದೆಂದು ವಿಂಡೋಸ್ ಒಂದು ಉಪಾಯ ಮಾಡಿತು. ಪ್ರೋಗ್ರಾಂ ಅಲ್ಲಿ ಬರೆಯುತ್ತಿದ್ದೇನೆ ಅಂದುಕೊಂಡಿರುತ್ತದೆ, ವಿಂಡೋಸ್ ಮಾತ್ರ ಅದನ್ನು ಆ ಯೂಸರಿನ ಆಪ್‌ಡೇಟಾ ಫೋಲ್ಡರಿನ ಒಳಗಿರುವ ವರ್ಚುವಲ್‌ಸ್ಟೋರ್ ಎಂಬ ಮೂಲೆಯಲ್ಲಿ ಬರೆದಿಡುತ್ತದೆ. ಅಂದರೆ ಒಂದೇ ಹೆಸರಿನ ಎರಡು ಆಕ್ಸೆಸ್ ಫೈಲ್. ಕಣ್ಣಿಗೆ ಕಾಣುವುದು ಹಳೆಯದು, ನಿಜವಾದ ಲೆಕ್ಕ ಇರುವುದು ಕಾಣದೇ ಇರುವುದರಲ್ಲಿ. ಒಂದು ಅಕ್ಕಿ ಗಿರಣಿಯಲ್ಲಿ ಹೊಸ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿಕೊಟ್ಟು ತೆರೆದು ನೋಡಿದರೆ ಕೊನೆಯ ಎಂಟ್ರಿ ಆರು ವರ್ಷ ಹಿಂದಿನದು. ಮಾಲೀಕರ ಮುಖ ಬಿಳಿಚಿಕೊಂಡಿತ್ತು. ಹಳೆ ಡಿಸ್ಕನ್ನು ಯಾರೂ ಅಳಿಸಿರಲಿಲ್ಲ, ಹಾಗಾಗಿ ಬದುಕಿದೆವು. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಕೊನೆಗೆ ಬದಲಾದ ತಾರೀಕು ನೋಡಿ. ಇವತ್ತಿನದಲ್ಲ ಎಂದರೆ ಅದು ನಿಮ್ಮ ಡೇಟಾ ಅಲ್ಲ.

ಇನ್ನು ಆ 32 ಬಿಟ್ ಕಂಪ್ಯೂಟರ್. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಇದ್ದದ್ದನ್ನು ಹಾಗೇ ಏರಿಸಲು ಬರುವುದಿಲ್ಲ, ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. 32 ಬಿಟ್ ಎಂದು ತೋರಿಸುತ್ತದೆ ಎಂದರೆ ಯಂತ್ರವೂ ಹಳೆಯದೇ ಇರಬೇಕು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಮೇಲಿನ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ಭಾಗ, ಸೆಕ್ಯೂರ್ ಬೂಟ್, 4 ಜಿಬಿ ರ‍್ಯಾಮ್ ಬೇಕು. ಟಿಪಿಎಂ ಇಲ್ಲ ಎಂದು ತೋರಿಸಿದರೆ ತಕ್ಷಣ ಹೊಸ ಕಂಪ್ಯೂಟರ್ ಕೊಳ್ಳಬೇಡಿ, ಬಹಳ ಸಲ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೇ. ಪ್ರೊಸೆಸರೇ ಹಳೆಯದಾದರೆ ಮಾತ್ರ ಬೇರೆ ದಾರಿ ಇಲ್ಲ. ಅಡ್ಡದಾರಿಯಲ್ಲಿ ಏರಿಸಿಕೊಡುವವರು ಇದ್ದಾರೆ, ಅದು ಓಡುತ್ತದೆ ಕೂಡ. ಮುಂದಿನ ದೊಡ್ಡ ಅಪ್‌ಡೇಟಿಗೆ ಏನಾಗುತ್ತದೋ ಯಾರೂ ಮಾತು ಕೊಡುವುದಿಲ್ಲ. ಮನೆಯ ಲ್ಯಾಪ್‌ಟಾಪ್ ಆದರೆ ಸರಿ, ತೂಕದ ಕೌಂಟರಿಗೆ ನಾನಂತೂ ಒಪ್ಪುವುದಿಲ್ಲ.

ಅದರಲ್ಲಿ 2007ಕ್ಕಿಂತ ಹಿಂದಿನ ಲೆಕ್ಕ ನೋಡಲು ಯಾವುದಾದರೂ ಕಪ್ಪು ಪರದೆಯ ಡಾಸ್ ಪ್ರೋಗ್ರಾಂ ಇಟ್ಟಿದ್ದೀರಾ? ಫಾಕ್ಸ್‌ಪ್ರೋ, ಕ್ಲಿಪ್ಪರ್ ಕಾಲದ್ದು? 16 ಬಿಟ್ ಪ್ರೋಗ್ರಾಂಗಳು 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ ನೇರವಾಗಿ ಓಡುತ್ತವೆ. 64 ಬಿಟ್‌ಗೆ ಹೋದ ಕೂಡಲೇ ನಿಂತವು ಎಂದೇ ಲೆಕ್ಕ. ಡಾಸ್‌ಬಾಕ್ಸ್ ಥರದ್ದರಲ್ಲಿ ಓಡಿಸಬಹುದು, ಅದನ್ನು ಮೊದಲೇ ಪ್ರಯತ್ನಿಸಿ ನೋಡಿ.

64 ಬಿಟ್ ವಿಂಡೋಸ್‌ನಲ್ಲಿ ನಿಮ್ಮ ವಿಬಿ6 ಓಡುತ್ತದೆ, ಆದರೆ ಬಾಡಿಗೆ ಮನೆಯಲ್ಲಿ. 32 ಬಿಟ್ ಪ್ರೋಗ್ರಾಂಗಳ ಫೈಲುಗಳಿಗೆ ಬೇರೆಯದೇ ಫೋಲ್ಡರ್. ಇಲ್ಲಿ ಹೆಸರಿಟ್ಟವರು ತಮಾಷೆ ಮಾಡಿದ್ದಾರೆ: ಸಿಸ್ಟಮ್32 ಎಂಬ ಫೋಲ್ಡರಿನಲ್ಲಿ ಇರುವುದು 64 ಬಿಟ್ ಫೈಲುಗಳು, ಸಿಸ್‌ವೌ64 ಎಂಬುದರಲ್ಲಿ ಇರುವುದು 32 ಬಿಟ್ ಫೈಲುಗಳು. ಓದಿದರೆ ಉಲ್ಟಾ ಅನ್ನಿಸುತ್ತದೆ, ಇರುವುದೇ ಹಾಗೆ. ನಿಮ್ಮ ಸಾಫ್ಟ್‌ವೇರಿಗೆ ಬೇಕಾದ ಓಸಿಎಕ್ಸ್ ಎಂಬ ಸಹಾಯಕ ಫೈಲುಗಳನ್ನು ಸಿಸ್‌ವೌ64ರಲ್ಲಿ ಹಾಕಿ, ಅಲ್ಲೇ ಇರುವ ರೆಗ್‌ಎಸ್‌ವಿಆರ್32 ಎಂಬ ಕಮಾಂಡಿನಿಂದ, ಅಡ್ಮಿನಿಸ್ಟ್ರೇಟರ್ ಆಗಿ ರಿಜಿಸ್ಟರ್ ಮಾಡಬೇಕು. ಇದನ್ನು ಮಾಡದೆ ಹೋದಾಗಲೇ ‘ರನ್ ಟೈಮ್ ಎರರ್ 339’ ಬರುವುದು. ಡೇಟಾ ಫೈಲಿಗೆ ಸಂಪರ್ಕ ಕೊಡುವ ಓಡಿಬಿಸಿ ಬಳಸಿದ್ದರೆ ಅದರ ಸೆಟ್ಟಿಂಗೂ 32 ಬಿಟ್, 64 ಬಿಟ್ ಎಂದು ಎರಡು. ಅಂಗಡಿಯ ಹುಡುಗರು 64ರಲ್ಲಿ ಮಾಡಿಟ್ಟು ‘ಮಾಡಿದ್ದೀನಿ ಸಾರ್, ಕನೆಕ್ಟ್ ಆಗ್ತಿಲ್ಲ’ ಎನ್ನುತ್ತಾರೆ. 32ರದ್ದನ್ನು ತೆರೆದು ಮಾಡಬೇಕು. ಹಳೆ ಆಕ್ಸೆಸ್ (ಎಂಡಿಬಿ) ಫೈಲ್ ತೆರೆಯುವ ಜೆಟ್ ಎಂಬ ಭಾಗ ವಿಂಡೋಸ್ ಜೊತೆಗೇ ಬರುತ್ತದೆ, 32 ಬಿಟ್‌ನಲ್ಲಿ ಮಾತ್ರ. ನಿಮಗೆ ಬೇಕಾದದ್ದೂ ಅದೇ.

ತೂಕದ ಯಂತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಮಂಡಿಯಲ್ಲಿ ಅಲ್ಲೇ ಜಗಳ ಶುರುವಾಗುವುದು. ನಿಮ್ಮ ಯಂತ್ರದಿಂದ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಬಂದಿರುತ್ತದೆ. ಹೊಸ ಕಂಪ್ಯೂಟರ್‌ಗಳಲ್ಲಿ ಆ ತೂತು ಇರುವುದು ಅಪರೂಪ. ಹಾಗಾಗಿ ನಡುವೆ ಯುಎಸ್‌ಬಿ ಕನ್ವರ್ಟರ್ ಹಾಕುತ್ತಾರೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಹಳಷ್ಟು ಕನ್ವರ್ಟರ್‌ಗಳ ಒಳಗೆ ಪ್ರೊಲಿಫಿಕ್ ಕಂಪನಿಯ ಪಿಎಲ್2303 ಎಂಬ ಹಳೆ ಚಿಪ್ ಅಥವಾ ಅದರ ನಕಲಿ ಇರುತ್ತದೆ. ವಿಂಡೋಸ್ 10ರಲ್ಲಿ ಯಾರೋ ಹಳೆ ಡ್ರೈವರ್ ಹಾಕಿ ಓಡಿಸಿರುತ್ತಾರೆ. 11ಕ್ಕೆ ಹೋಗಿ ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ಗುರುತು, ಪಕ್ಕದಲ್ಲಿ ‘ಪಿಎಲ್2303ಎಚ್‌ಎಕ್ಸ್‌ಎ ಫೇಸ್ಡ್ ಔಟ್ ಸಿನ್ಸ್ 2012, ಪ್ಲೀಸ್ ಕಾಂಟ್ಯಾಕ್ಟ್ ಯುವರ್ ಸಪ್ಲೈಯರ್’ ಎಂದು ಬರೆದಿರುತ್ತದೆ. ಅಂದರೆ ಡ್ರೈವರೇ ಆ ಚಿಪ್ಪನ್ನು ಒಪ್ಪುತ್ತಿಲ್ಲ. ಹಳೆ ಡ್ರೈವರ್ ಹುಡುಕಿ ಹಾಕುವ ಸರ್ಕಸ್ ಬಿಟ್ಟು ಒಳ್ಳೆ ಚಿಪ್ಪಿನ ಹೊಸ ಕನ್ವರ್ಟರ್ ಎರಡು ತನ್ನಿ, ಒಂದು ಬಳಸಲು, ಒಂದು ಡ್ರಾಯರಿನಲ್ಲಿಡಲು.

ಆಮೇಲೆ ಪೋರ್ಟ್ ನಂಬರ್. ಸಾಫ್ಟ್‌ವೇರಿನಲ್ಲಿ ಆ ಹುಡುಗ ಕಾಮ್1 (ಮೊದಲ ಸೀರಿಯಲ್ ಪೋರ್ಟ್) ಎಂದು ಬರೆದುಬಿಟ್ಟಿರುತ್ತಾನೆ. ಕನ್ವರ್ಟರನ್ನು ಬೇರೆ ಬೇರೆ ಯುಎಸ್‌ಬಿ ತೂತಿಗೆ ಹಾಕಿ ತೆಗೆದಂತೆ ವಿಂಡೋಸ್ ಕಾಮ್5, ಕಾಮ್9 ಎಂದು ಹೊಸ ನಂಬರ್ ಕೊಡುತ್ತಾ ಹೋಗುತ್ತದೆ. ವಿಬಿ6ರ ಎಂಎಸ್‌ಕಾಮ್ ಭಾಗಕ್ಕೆ 16ರ ಮೇಲೆ ಲೆಕ್ಕವೇ ಬರುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಆ ಪೋರ್ಟಿನ ಅಡ್ವಾನ್ಸ್ಡ್ ಸೆಟ್ಟಿಂಗ್‌ಗೆ ಹೋಗಿ ನಂಬರನ್ನು ವಾಪಸ್ 1 ಮಾಡಿ. ಯುಎಸ್‌ಬಿ ತೂತಿನ ಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ ಒಂದು ಚುಕ್ಕೆ ಇಟ್ಟುಬಿಡಿ, ಕನ್ವರ್ಟರಿನ ಮೇಲೂ ಒಂದು. ನಗಬೇಡಿ, ಇದರಷ್ಟು ಕೆಲಸ ಮಾಡಿದ ಉಪಾಯ ಬೇರೆ ಯಾವುದೂ ಇಲ್ಲ. ಎಲ್ಲ ಆದ ಮೇಲೆ ಒಂದು ಚೀಲ ಅಡಿಕೆ ಇಟ್ಟು ಯಂತ್ರದ ಕೆಂಪು ಅಂಕಿ ಮತ್ತು ಪರದೆಯ ಅಂಕಿ ಎರಡನ್ನೂ ನೋಡಿ. ಚೀಲ ತೆಗೆದು ಸೊನ್ನೆ ಬರುತ್ತದಾ ನೋಡಿ. ಕೇಬಲ್ ಕಿತ್ತು ಮತ್ತೆ ಹಾಕಿ ನೋಡಿ. ಅರ್ಧ ಗಂಟೆ ಸುಮ್ಮನೆ ಬಿಟ್ಟು ಬಂದು ಮತ್ತೆ ತೂಗಿ. ವಿದ್ಯುತ್ ಉಳಿಸಲು ವಿಂಡೋಸ್ ಯುಎಸ್‌ಬಿಯನ್ನು ಮಲಗಿಸಿಬಿಟ್ಟರೆ ಊಟ ಮುಗಿಸಿ ಬಂದಾಗ ಪರದೆಯಲ್ಲಿ ಹಳೆ ಚೀಲದ ತೂಕವೇ ನಿಂತಿರಬಹುದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ, ಯಾಕೆಂದರೆ ಎರರ್ ಬರುವುದಿಲ್ಲ, ತಪ್ಪು ತೂಕ ಬರುತ್ತದೆ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಬಗ್ಗೆ ಚುಟುಕಾಗಿ. ನಿಮ್ಮ ಪಟ್ಟಿ ‘ಎಲ್‌ಪಿಟಿ1’ ಎಂಬ ಹಳೆ ಪ್ರಿಂಟರ್ ಪೋರ್ಟಿಗೆ ನೇರವಾಗಿ ಹೋಗುತ್ತಿರಬಹುದು. ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟ್ ಸಾಮಾನ್ಯವಾಗಿ ಇರುವುದಿಲ್ಲ. ಪ್ರಿಂಟರನ್ನು ಯುಎಸ್‌ಬಿಗೆ ಹಾಕಿ, ಶೇರ್ ಮಾಡಿ, ನೆಟ್ ಯೂಸ್ ಕಮಾಂಡಿನಿಂದ ಎಲ್‌ಪಿಟಿ1 ಎಂಬ ಹೆಸರನ್ನು ಅದಕ್ಕೆ ಕಟ್ಟಬೇಕು. ಪ್ರಿಂಟರ್ ಆದಷ್ಟೂ ಅದೇ ಕಂಪ್ಯೂಟರಿಗೆ ಹತ್ತಿಕೊಂಡಿರಲಿ. ವಿಂಡೋಸ್ 11ರ 22ಎಚ್2ದಿಂದ ನೆಟ್‌ವರ್ಕ್ ಪ್ರಿಂಟಿಂಗ್ ಮಾತಾಡುವ ರೀತಿಯೇ ಬದಲಾಗಿದೆ, ಒಂದು ಕಡೆ 10 ಒಂದು ಕಡೆ 11 ಇದ್ದಾಗ ಶೇರ್ ಪ್ರಿಂಟರ್‌ಗಳು ಮುನಿಸಿಕೊಳ್ಳುವುದು ಮಾಮೂಲು.

ಈಗ ಕನ್ನಡ. ಇದು ನಮ್ಮ ಭಾಷೆಗಳ ಹಳೆ ಸಾಫ್ಟ್‌ವೇರ್‌ಗಳಿಗೆ ಇರುವ ತಲೆನೋವು, ಹೊರಗಿನ ಗೈಡುಗಳಲ್ಲಿ ಸಿಗುವುದು ಕಷ್ಟ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆ ಫಾಂಟ್‌ಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ನಿಮ್ಮ ಆಕ್ಸೆಸ್ ಫೈಲಿನಲ್ಲಿ ‘ಕನ್ನಡ’ ಎಂಬ ಪದ ನಿಜವಾಗಿ ಕನ್ನಡವಾಗಿ ಇಲ್ಲ. ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ, ಹೀಗೆ ಇರುತ್ತದೆ. ಮೇಲೆ ನುಡಿ ಫಾಂಟಿನ ಬಟ್ಟೆ ತೊಡಿಸಿದಾಗ ಮಾತ್ರ ಕನ್ನಡ ಕಾಣುತ್ತದೆ. ಹಾಗಾಗಿ ಮೊದಲು, ಇದೇ ಕಂಪ್ಯೂಟರಿನ ಫಾಂಟ್ ಫೋಲ್ಡರಿನಿಂದ ಆ ಫಾಂಟ್ ಫೈಲುಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಳ್ಳಿ. ಹೊಸ ನುಡಿ ಇಳಿಸಿಕೊಂಡರಾಯಿತು ಎಂದುಕೊಳ್ಳಬೇಡಿ, ನಿಮಗೆ ಬೇಕಾದದ್ದು ಅದೇ ಹೆಸರಿನ ಅದೇ ಹಳೆ ಫಾಂಟು. ಎಲ್ಲೋ ಒಂದೆರಡು ರಿಪೋರ್ಟ್‌ಗೆ ತುಂಗಾ ಫಾಂಟ್ ಬಳಸಿದ್ದರೆ ಅದೂ ಹೊಸ ಇನ್‌ಸ್ಟಾಲ್‌ನಲ್ಲಿ ಇರುವುದಿಲ್ಲ. ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡದ ಹೆಚ್ಚುವರಿ ಫಾಂಟ್‌ಗಳು ಎಂಬುದನ್ನು ಸೇರಿಸಬೇಕು.

ಆಮೇಲೆ ರೀಜನ್ ಸೆಟ್ಟಿಂಗಿನ ಅಡ್ಮಿನಿಸ್ಟ್ರೇಟಿವ್ ಪುಟದಲ್ಲಿ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿ) ಅಲ್ಲದ ಪ್ರೋಗ್ರಾಂಗಳ ಭಾಷೆ ಯಾವುದು ಎಂದು ಈಗಿನದನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಹೊಸದರಲ್ಲಿ ಅದೇ ಇರಬೇಕು. ಅಲ್ಲೇ ‘ಬೀಟಾ: ಯುಟಿಎಫ್-8’ ಎಂದು ಒಂದು ಟಿಕ್ ಬಾಕ್ಸ್ ಇದೆ. ಕನ್ನಡ ಚೆನ್ನಾಗಿ ಬರಲಿ ಎಂದು ಯಾರಾದರೂ ಒಳ್ಳೆ ಮನಸ್ಸಿನಿಂದ ಅದನ್ನು ಟಿಕ್ ಮಾಡುತ್ತಾರೆ, ಅಷ್ಟೇ, ನುಡಿಯ ಹೆಸರುಗಳೆಲ್ಲ ಒಡೆದ ಮಡಕೆ. ಆ ಸ್ಥಿತಿಯಲ್ಲಿ ಗುಮಾಸ್ತರು ‘ಸೇವ್’ ಒತ್ತಿದರೆ ಒಡೆದದ್ದೇ ಡೇಟಾದಲ್ಲಿ ಕೂತರೂ ಕೂತಿತು.

‘ಹೇಗೂ ಕೈ ಹಾಕಿದ್ದೀವಿ, ಎಲ್ಲ ಯೂನಿಕೋಡ್ ಮಾಡಿಬಿಡೋಣ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಯೂನಿಕೋಡ್ ಒಳ್ಳೆಯದು, ಮುಂದೊಂದು ದಿನ ಆಗಲೇಬೇಕು. ಆದರೆ ವಿಬಿ6ರ ಮಾಮೂಲಿ ಟೆಕ್ಸ್ಟ್ ಬಾಕ್ಸ್‌ಗಳಿಗೆ ಯೂನಿಕೋಡ್ ಕನ್ನಡ ತೋರಿಸಲು ಬರುವುದಿಲ್ಲ, ಡೇಟಾ ಬದಲಿಸಿದ ದಿನವೇ ಎಲ್ಲ ರೈತರ ಹೆಸರೂ ಪ್ರಶ್ನಾರ್ಥಕ ಚಿಹ್ನೆ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಕೆಟ್ಟಿತು ಎಂಬುದೂ ತಿಳಿಯುವುದಿಲ್ಲ.

ತಾರೀಕಿನ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಮಂಡಿಗೆ ಹೊಸ ಕಂಪ್ಯೂಟರ್ ಹಾಕಿ ಇದೇ ಥರದ ಸಾಫ್ಟ್‌ವೇರ್ ವರ್ಗ ಮಾಡಿಕೊಟ್ಟೆ. ಎಲ್ಲ ಸರಿ ಇತ್ತು. ಎರಡು ತಿಂಗಳಾದ ಮೇಲೆ ಒಬ್ಬ ರೈತರು, ವಯಸ್ಸಾದವರು, ಜೇಬಿನಿಂದ ಮಡಚಿಟ್ಟ ಚೀಟಿ ತೆಗೆದು ‘ನಾನು ಮುಂಗಡ ತಗೊಂಡಿದ್ದು ಮಾರ್ಚ್ 5ಕ್ಕೆ, ನಿಮ್ಮ ಲೆಕ್ಕದಲ್ಲಿ ಬಡ್ಡಿ ಕಮ್ಮಿ ಬಂದಿದೆ, ನೋಡಿ’ ಅಂದರು. ಕಮ್ಮಿ ಬಂದಿದೆ ಎಂದು ಬಂದು ಹೇಳಿದ ಪುಣ್ಯಾತ್ಮರು. ನೋಡಿದರೆ ಅವರ ಮುಂಗಡ ಮೇ 3 ಎಂದು ಕೂತಿದೆ. ಹೊಸ ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗಿನಲ್ಲಿ ಬಂದಿತ್ತು, ತಿಂಗಳು ಮೊದಲು, ದಿನ ಆಮೇಲೆ. ನಾನು ಬದಲಿಸಿರಲಿಲ್ಲ. ಗುಮಾಸ್ತರು 05/03 ಎಂದು ಹೊಡೆದದ್ದನ್ನು ವಿಬಿ6 ಮೇ 3 ಎಂದು ಓದಿಕೊಂಡಿತ್ತು.

ಮೊದಲ ದಿನವೇ ಗೊತ್ತಾಗಬೇಕಿತ್ತಲ್ಲ ಎನ್ನುತ್ತೀರಿ. ಇಲ್ಲೇ ಇರುವುದು ಮೋಸ. 15/03 ಎಂದು ಹೊಡೆದರೆ 15ನೇ ತಿಂಗಳು ಇಲ್ಲವಲ್ಲ, ಆಗ ವಿಬಿ6 ಎರರ್ ಕೊಡುವ ಬದಲು ತಾನೇ ಜಾಣತನ ತೋರಿಸಿ ಮಾರ್ಚ್ 15 ಎಂದು ಸರಿಯಾಗಿ ತೆಗೆದುಕೊಳ್ಳುತ್ತದೆ. ನಾನು ಪರೀಕ್ಷೆ ಮಾಡಿದ್ದು ತಿಂಗಳ 20ರ ಮೇಲೆ. ಎಲ್ಲ ಸರಿ ಕಂಡಿತು. ಕೆಟ್ಟಿದ್ದು ಪ್ರತಿ ತಿಂಗಳ ಮೊದಲ ಹನ್ನೆರಡು ದಿನದ ಎಂಟ್ರಿಗಳು ಮಾತ್ರ. ಅವನ್ನೆಲ್ಲ ಕಾಗದದ ಪಟ್ಟಿ ಇಟ್ಟುಕೊಂಡು ಒಂದೊಂದಾಗಿ ಸರಿಮಾಡಲು ನಾಲ್ಕು ರಾತ್ರಿ ಹಿಡಿಯಿತು, ದುಡ್ಡು ಕೇಳಲು ಬಾಯಿ ಬರಲಿಲ್ಲ. ಈಗ ನನ್ನ ಪರೀಕ್ಷೆಯ ಮೊದಲ ಎಂಟ್ರಿ ಯಾವಾಗಲೂ 05/03. ರಿಪೋರ್ಟಿನಲ್ಲಿ ತಿಂಗಳ ಹೆಸರು ಅಕ್ಷರದಲ್ಲಿ ಬರುವಂತೆ ನೋಡಿ, ಮಾರ್ಚ್ ಎಂದರೆ ಸರಿ. ಐದೂ ಕಂಪ್ಯೂಟರಿನಲ್ಲಿ, ಪ್ರತಿ ಯೂಸರ್ ಲಾಗಿನ್‌ನಲ್ಲೂ ನೋಡಿ. ಈ ಸೆಟ್ಟಿಂಗ್ ಯೂಸರಿಗೆ ಒಂದೊಂದು.

ನೆಟ್‌ವರ್ಕ್. ನಿಮ್ಮ ‘ಸರ್ವರ್’ ಅಂದರೆ ಮಾಮೂಲಿ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಇಲ್ಲದೆ ಶೇರ್ ಮಾಡಿದ ಒಂದು ಫೋಲ್ಡರ್ ಅಲ್ವಾ? ಎಲ್ಲ ಕಡೆ ಹಾಗೇ. ವಿಂಡೋಸ್ 11 ಪ್ರೋ 24ಎಚ್2ದಿಂದ ಪಾಸ್‌ವರ್ಡ್ ಇಲ್ಲದ ಶೇರ್‌ಗೆ ಗೆಸ್ಟ್ ಆಗಿ ಹೋಗಲು ಬಿಡುವುದಿಲ್ಲ. ‘ನಿಮ್ಮ ಆರ್ಗನೈಸೇಷನ್ನಿನ ಸೆಕ್ಯುರಿಟಿ ಪಾಲಿಸಿ ತಡೆದಿದೆ’ ಎಂದು ಇಂಗ್ಲಿಷಿನಲ್ಲಿ ಬರುತ್ತದೆ. ಐದು ಕಂಪ್ಯೂಟರಿನ ಮಂಡಿಗೆ ಯಾವ ಆರ್ಗನೈಸೇಷನ್, ಯಾವ ಪಾಲಿಸಿ ಎಂದು ನೀವು ಕಕ್ಕಾಬಿಕ್ಕಿ. ಆ ತಡೆಯನ್ನೇ ಕಿತ್ತುಹಾಕುವ ಉಪಾಯ ಯಾರಾದರೂ ತೋರಿಸುತ್ತಾರೆ, ಬೇಡ. ಸರ್ವರ್ ಕಂಪ್ಯೂಟರಿನಲ್ಲಿ ‘ಮಂಡಿ’ ಎಂದು ಒಂದು ಯೂಸರ್ ಮಾಡಿ, ಪಾಸ್‌ವರ್ಡ್ ಕೊಟ್ಟು, ಉಳಿದ ನಾಲ್ಕರಲ್ಲೂ ಅದನ್ನು ಒಮ್ಮೆ ಉಳಿಸಿಬಿಡಿ. ಇದನ್ನು ವಿಂಡೋಸ್ 10 ಇರುವಾಗಲೇ, ಈ ವಾರವೇ ಮಾಡಬಹುದು. ಹಾಗೇ ಹೊಸ ಕಂಪ್ಯೂಟರ್‌ಗಳಲ್ಲಿ ಒನ್‌ಡ್ರೈವ್ ತಾನಾಗೇ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ತನ್ನ ಕೈಗೆ ತೆಗೆದುಕೊಳ್ಳಲು ನೋಡುತ್ತದೆ. ಆಕ್ಸೆಸ್ ಫೈಲ್ ಅಲ್ಲಿದ್ದರೆ ಕೆಟ್ಟಂತೆಯೇ. ಡಿ ಡ್ರೈವಿನಲ್ಲಿ ಒಂದು ನೇರ ಫೋಲ್ಡರಿನಲ್ಲಿಡಿ. ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಲಾಗಿನ್ ಆದ ಹೊಸ ಯಂತ್ರದಲ್ಲಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರಬಹುದು, ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಿ. ಅಂಗಡಿಯ ಹುಡುಗನ ಇಮೇಲಿನಲ್ಲಿ ಲಾಗಿನ್ ಮಾಡಿಸಲೇಬೇಡಿ.

ಯಾವ ಕ್ರಮದಲ್ಲಿ? ಮೊದಲು ಪಟ್ಟಿಯ ಕಂಪ್ಯೂಟರಿನ ನಕಲು ಡಿಸ್ಕ್. ಅದನ್ನು ನಿಜವಾದ ಡೇಟಾಕ್ಕೆ ಹೊಂದಿಸಬೇಡಿ, ನೆಟ್‌ವರ್ಕಿನಲ್ಲಿ ಬೇರೆ ಫೋಲ್ಡರ್ ಮಾಡಿ ಡೇಟಾದ ಪ್ರತಿ ಇಡಿ. ಗುಮಾಸ್ತರು ಹಗಲು ವಿಂಡೋಸ್ 10 ಇರುವ ಇನ್ನೊಂದು ಕಂಪ್ಯೂಟರಿನಲ್ಲಿ ಹೊಡೆದದ್ದನ್ನು ಸಂಜೆ ಹೊಸದರಲ್ಲಿ ಇನ್ನೊಮ್ಮೆ ಹೊಡೆಯಲಿ, ಎರಡು ವಾರ. ಗೊಣಗುತ್ತಾರೆ. ಆ ಎರಡು ವಾರಕ್ಕೆ ಏನಾದರೂ ಜಾಸ್ತಿ ಕೊಡಿ. ದಿನದ ಕೊನೆಯ ಮೊತ್ತ, ಕ್ವಿಂಟಾಲು, ಬಡ್ಡಿ ಮೂರೂ ಪೈಸೆಗೆ ಪೈಸೆ ಕೂಡಬೇಕು. ವರ್ಷಾಂತ್ಯದ ಬಟನ್ನನ್ನೂ ಈ ಪ್ರತಿಯ ಮೇಲೆ ಒತ್ತಿ ನೋಡಿ, ಹಾಳಾದರೂ ನಷ್ಟವಿಲ್ಲ. ಅದು ಸರಿ ಹೋದ ಮೇಲೆ ಉಳಿದ ಕಂಪ್ಯೂಟರ್‌ಗಳು ವಾರಕ್ಕೊಂದು. ತೂಕದ ಕೌಂಟರಿಗೆ ಹೊಸ ಕಂಪ್ಯೂಟರ್, ಹಳೆಯದನ್ನು ಒಂದು ತಿಂಗಳು ಪಕ್ಕದಲ್ಲೇ ಇಟ್ಟುಕೊಂಡಿರಿ. ಸರ್ವರ್ ಕೊನೆಗೆ. ಹೊಸ ಅಡಿಕೆ ಬರುವ ಹೊತ್ತಿನಲ್ಲಿ ಬೇಡ, ಮಾರ್ಚ್ ಆಸುಪಾಸಿನಲ್ಲಂತೂ ಬೇಡವೇ ಬೇಡ. ನಿಮ್ಮ ಕಡೆ ಮಳೆಗಾಲದಲ್ಲಿ ಮಂಡಿಗೆ ಸ್ವಲ್ಪ ಪುರುಸೊತ್ತು ಇರುತ್ತದಲ್ಲ, ಆಗ ಮಾಡಿ, ಯುಪಿಎಸ್ ಬ್ಯಾಟರಿ ಮೊದಲು ನೋಡಿಕೊಂಡು.

ಸಾಫ್ಟ್‌ವೇರನ್ನೇ ಹೊಸದಾಗಿ ಬರೆಸಬೇಕಾ ಎಂಬುದು ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಬರೆಸಬೇಕು, ಆದರೆ ಈ ಅಪ್‌ಗ್ರೇಡಿಗೆ ಗಂಟು ಹಾಕಿ ಅಲ್ಲ. ಇದು ಮುಗಿದು ಒಂದು ಸೀಸನ್ ಸರಿಯಾಗಿ ಓಡಲಿ. ಅಷ್ಟರಲ್ಲಿ ಆ ನೋಟ್‌ಬುಕ್ಕೂ ತುಂಬಿರುತ್ತದೆ, ಬರೆಯುವವನಿಗೆ ಏನು ಬೇಕೆಂದು ಹೇಳಲು ಅದೇ ಸಾಕು. ಬೆಂಗಳೂರಿನ ಹುಡುಗ ವಿಬಿಪಿ ಫೈಲ್ ಕಳಿಸಿದರೆ ಅದರ ಒಳಗಿನ ಸಾಲುಗಳನ್ನು ನನಗೂ ಕಳಿಸಿ, ಯಾವ ಓಸಿಎಕ್ಸ್ ಎಲ್ಲಿಂದ ತರಬೇಕು ಎಂದು ಗುರುತು ಹಾಕಿಕೊಡುತ್ತೇನೆ. ಅವನು ಫೋನ್ ಎತ್ತದಿದ್ದರೆ ಅವರ ಅಮ್ಮನಿಗೆ ಮಾಡಿ, ಊರಿನವರೇ ಅಲ್ವಾ.